ನರ್ಸ್‌ಗಳ ಒತ್ತಡ ಅಳೆಯಲು ಯಾವ ಸ್ಕೇಲ್ ಹಾಕಲಿ?

ಎಂ.ಎಸ್ಸಿ ನರ್ಸಿಂಗ್ ಓದುತ್ತಿದ್ದೇನೆ. ಐಸಿಯು ಸಿಸ್ಟರ್‌ಗಳ ಒತ್ತಡದ ಮೇಲೆ ಡಿಸರ್ಟೇಶನ್. ಪಿಎಸ್‌ಎಸ್ (ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್, ಯಾರಿಗಾದರೂ ಕೊಡಬಹುದಾದ ಸಾಮಾನ್ಯ ಒತ್ತಡದ ಪ್ರಶ್ನಾವಳಿ) ಹಾಕು, ಹತ್ತೇ ಪ್ರಶ್ನೆ, ಬೇಗ ಮುಗಿಯುತ್ತದೆ ಅಂತಾರೆ ಗೈಡ್ ಮೇಡಂ. ಆದರೆ ಅದರಲ್ಲಿ ವಾರ್ಡಿನ ಮಾತೇ ಇಲ್ಲವಲ್ಲ?

ಉತ್ತರ 1: ಸರಿಯಾಗಿ ಹಿಡಿದಿದ್ದೀರಿ. ಅದು ಕಳೆದ ಒಂದು ತಿಂಗಳು ಹೇಗಿತ್ತು ಅಂತ ಕೇಳುತ್ತದೆ, ಅಷ್ಟೇ. ಮನೆ ಸಾಲದ ಚಿಂತೆಯೂ ಅದರಲ್ಲೇ ಸೇರಿಹೋಗುತ್ತದೆ. 1981ರ ನರ್ಸಿಂಗ್ ಸ್ಟ್ರೆಸ್ ಸ್ಕೇಲ್ ನೋಡಿ. ಅದರಲ್ಲಿ 34 ಸನ್ನಿವೇಶ ಇವೆ: ರೋಗಿ ಸಾಯುವುದು, ಡಾಕ್ಟರ್ ಜೊತೆ ಜಟಾಪಟಿ, ಕೈಗೆ ಮೀರಿದ ಕೆಲಸ ಹೀಗೆ. ಎಷ್ಟು ಸಲ ಒತ್ತಡ ಆಗುತ್ತದೆ ಅಂತ ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು ಹೆಚ್ಚೆಂದರೆ 102. ಕೆಲವರು 1ರಿಂದ 4 ಅಂಕ ಹಾಕುತ್ತಾರೆ, ಬೇರೆಯವರ ಫಲಿತಾಂಶಕ್ಕೆ ಹೋಲಿಸುವ ಮುಂಚೆ ಅದನ್ನು ನೋಡಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ಎಡವಟ್ಟಾಗುತ್ತದೆ.

ಉತ್ತರ 2: ನಾನು ಸ್ಟಾಫ್ ನರ್ಸ್. ಇಂಥ ಫಾರಂ ಒಂದನ್ನು ನೈಟ್ ಡ್ಯೂಟಿ ಮುಗಿಸಿ ಹ್ಯಾಂಡೋವರ್ ಕೊಡುವಾಗ ಕೈಗಿಟ್ಟರು. ಮೇಲೆ ಹೆಸರು ಬರೆಯುವ ಜಾಗ, ಪಕ್ಕದಲ್ಲೇ ಇನ್‌ಚಾರ್ಜ್ ಸಿಸ್ಟರ್! ಸುಮ್ನೆ ಎಲ್ಲದಕ್ಕೂ 'ಇಲ್ಲವೇ ಇಲ್ಲ' ಅಂತ ಟಿಕ್ ಹಾಕಿ ಬಸ್ ಹಿಡಿದೆ. ಹೆಸರು ಕೇಳಬೇಡಿ, ಕವರ್‌ನಲ್ಲಿ ಹಾಕಿಸಿಕೊಳ್ಳಿ, ರಜೆಯ ಮರುದಿನ ಕೊಟ್ಟರೆ ಇನ್ನೂ ಒಳ್ಳೆಯದು. ಪ್ರಶ್ನೆಗಳನ್ನು ಕನ್ನಡಕ್ಕೆ ಅನುವಾದ ಮಾಡಿಸಿದರೆ ಬೇರೆಯವರ ಕೈಲಿ ತಿರುಗಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಅಕ್ಕ. ನಮ್ಮಲ್ಲಿ ಜಾಸ್ತಿ ಕಾಟ ಅಟೆಂಡರ್‌ಗಳದ್ದು, ಅಂದರೆ ರೋಗಿಯ ಕಡೆಯವರು ಕೂಗಾಡುವುದು. ಅದು ಆ 34ರಲ್ಲಿ ಬರುತ್ತಾ?

ಉತ್ತರ 1: ಅದಕ್ಕೆ ಬೇರೆ ವಿಭಾಗ ಇಲ್ಲ. 2000ದಲ್ಲಿ ಬಂದ ವಿಸ್ತರಿಸಿದ ಸ್ಕೇಲ್‌ನಲ್ಲಿ ರೋಗಿ ಮತ್ತು ಮನೆಯವರು, ಮೇಲಧಿಕಾರಿಗಳು, ತಾರತಮ್ಯ ಎಲ್ಲಾ ಇದೆ. ಉದ್ದ ಜಾಸ್ತಿ. ಮೇಡಂ ಒಪ್ಪಿದರೆ ಅದನ್ನೇ ಹಾಕಿ.