ವೈದ್ಯರ ಹೆಸರಿನ ಜೊತೆಗಿರುವ ಅಕ್ಷರಗಳನ್ನು ಓದುವುದು ಹೇಗೆ?

ಅಮ್ಮನ ಮಂಡಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ. ಇಬ್ಬರು ವೈದ್ಯರ ಚೀಟಿಗಳು ಮುಂದಿವೆ. ಒಬ್ಬರ ಹೆಸರಿನ ಕೆಳಗೆ ಎಂಬಿಬಿಎಸ್, ಎಂಎಸ್ ಎಂದಷ್ಟೇ ಇದೆ. ಇನ್ನೊಬ್ಬರ ಪದವಿಗಳು ಎರಡು ಸಾಲು ತುಂಬಿ ಮೂರನೆಯದಕ್ಕೆ ಇಳಿದಿವೆ. ಎರಡನೆಯವರೇ ಹೆಚ್ಚು ಕಲಿತವರೇ? ಬಲ್ಲವರು ತಿಳಿಸಿ.

*

ಬಾಲದ ಉದ್ದಕ್ಕೆ ಮರುಳಾದವಳು ನಾನು. ಅಪ್ಪನ ಚಿಕಿತ್ಸೆಯ ಸಮಯದಲ್ಲಿ ಒಬ್ಬರಿಗೆ ಆರು ಪದವಿ ಎಂದುಕೊಂಡಿದ್ದೆ. ಒಂದು ರಾತ್ರಿ ಚೀಟಿಯ ಹಿಂಬದಿಯಲ್ಲಿ ಒಂದೊಂದನ್ನೇ ಬಿಡಿಸಿ ಬರೆದಾಗ, ವರ್ಷಗಟ್ಟಲೆ ಓದಿ ಪಡೆದವು ಎರಡೇ ಎಂದು ಗೊತ್ತಾಯಿತು. ಮೂರು ಸಂಘಗಳ ಸದಸ್ಯತ್ವ, ಇನ್ನೊಂದು ಕೆಲವೇ ದಿನಗಳ ತರಬೇತಿ. ಸುಳ್ಳು ಯಾವುದೂ ಇರಲಿಲ್ಲ, ಸಾಲು ಮಾತ್ರ ಉದ್ದವಾಗಿತ್ತು.

ಎಂಬಿಬಿಎಸ್ ಅಡಿಪಾಯ. ಭಾರತದಲ್ಲಿ ಅದರ ಮೇಲೆ ಎಂಡಿ, ಎಂಎಸ್ ಅಥವಾ ಡಿಎನ್‌ಬಿ ಎಂಬ ಸ್ನಾತಕೋತ್ತರ ಪದವಿ ಇದ್ದರೆ ಅವರು ತಜ್ಞರು. ಹೃದಯ, ನರ, ಮೂತ್ರಪಿಂಡದಂತಹ ವಿಭಾಗಗಳಲ್ಲಿ ಅದಕ್ಕೂ ಮೇಲೆ ಡಿಎಂ, ಎಂಸಿಎಚ್ ಬರುತ್ತವೆ. ಆದರೆ ಎಂಎಸ್ ಎಂಬ ಎರಡಕ್ಷರ ಕಣ್ಣಿನ ವೈದ್ಯರಿಗೂ ಇದೆ, ಕಿವಿ-ಮೂಗು-ಗಂಟಲಿನವರಿಗೂ ಇದೆ. ಯಾವ ವಿಷಯದಲ್ಲಿ ಎಂದು ನೋಡಿ. ನಿಮಗೆ ಬೇಕಾದದ್ದು ಆರ್ಥೋಪೆಡಿಕ್ಸ್, ಅಂದರೆ ಮೂಳೆ-ಕೀಲು ವಿಭಾಗ.

*

ವಿದೇಶದಲ್ಲಿ ಕಲಿತವರಾದರೆ ಲೆಕ್ಕ ಬೇರೆ. ಭಾರತದಲ್ಲಿ ಎಂಡಿ ಎಂದರೆ ಎಂಬಿಬಿಎಸ್ ನಂತರದ ಮೂರು ವರ್ಷದ ಸ್ನಾತಕೋತ್ತರ ಪದವಿ. ಅಮೆರಿಕದಲ್ಲಿ ಅದೇ ವೈದ್ಯರ ಮೊದಲ ಪದವಿ. ಅಲ್ಲಿ ತಜ್ಞರೇ ಎಂದು ತಿಳಿಯಲು ‘ಬೋರ್ಡ್ ಸರ್ಟಿಫೈಡ್’ (ಆ ವಿಭಾಗದ ಮಂಡಳಿಯ ಪ್ರಮಾಣಪತ್ರ ಪಡೆದವರು) ಹೌದೇ ಎಂದು ಕೇಳುತ್ತಾರೆ. ಬ್ರಿಟನ್ನಿನಲ್ಲಿ ಎಂಡಿ ಸಾಮಾನ್ಯವಾಗಿ ಸಂಶೋಧನೆಗೆ ಕೊಡುವ ಪದವಿ. ಅಲ್ಲಿನ ಶಸ್ತ್ರಚಿಕಿತ್ಸಕರಂತೂ ಡಾಕ್ಟರ್ ಬಿಟ್ಟು ಮಿಸ್ಟರ್, ಮಿಸ್ ಎಂದು ಕರೆಸಿಕೊಳ್ಳುತ್ತಾರೆ! ಮೊದಲ ಸಲ ಫಲಕ ನೋಡಿದಾಗ ನಾನು ತಪ್ಪು ಕೋಣೆಗೆ ಬಂದೆನೆಂದು ಹೊರಟೇಬಿಟ್ಟಿದ್ದೆ.

*

ಎಂಆರ್‌ಸಿಪಿ ಎಂದರೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸದಸ್ಯತ್ವ, ಪರೀಕ್ಷೆ ಬರೆದು ಗಳಿಸುವಂಥದ್ದು. ಎಫ್‌ಆರ್‌ಸಿಪಿ ಅದೇ ಸಂಸ್ಥೆಯ ಫೆಲೋ ಸ್ಥಾನ, ಅನುಭವಿಗಳನ್ನು ಸಹೋದ್ಯೋಗಿಗಳು ಆರಿಸಿ ಕೊಡುವ ಮನ್ನಣೆ. ಹಾಗೆಂದು ‘ಎಫ್’ ಕಂಡಲ್ಲೆಲ್ಲ ಗೌರವ ಎಂದುಕೊಳ್ಳಬೇಡಿ: ಎಫ್‌ಆರ್‌ಸಿಎಸ್ (ಶಸ್ತ್ರಚಿಕಿತ್ಸಕರ ರಾಯಲ್ ಕಾಲೇಜಿನ ಫೆಲೋ) ಪಕ್ಕದಲ್ಲಿ ವಿಭಾಗದ ಹೆಸರಿದ್ದರೆ ಅದು ಕಠಿಣ ಪರೀಕ್ಷೆ ದಾಟಿದ ಗುರುತು.

*

ಇಷ್ಟೆಲ್ಲ ಬಿಡಿಸುವ ಮೊದಲು ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಹುಡುಕಿ. ಅದಿಲ್ಲದಿದ್ದರೆ ಉಳಿದ ಅಕ್ಷರಗಳನ್ನು ಓದುವ ಶ್ರಮವೇ ಬೇಡ. ಆಮೇಲೆ, ವರ್ಷಕ್ಕೆ ಇಂತಹ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಅದನ್ನು ಯಾವ ಚೀಟಿಯೂ ಹೇಳುವುದಿಲ್ಲ.

*

ಎಲ್ಲರಿಗೂ ಧನ್ಯವಾದ. ಬಿಡಿಸಿ ನೋಡಿದೆ: ಇಬ್ಬರ ಎಂಎಸ್ ಕೂಡ ಮೂಳೆ ವಿಭಾಗದ್ದೇ, ಇಬ್ಬರ ನೋಂದಣಿಯೂ ಸರಿಯಾಗಿದೆ. ಮೂರನೇ ಸಾಲಿನ ಅಕ್ಷರಗಳು ಏನೆಂದು ಆ ವೈದ್ಯರನ್ನೇ ಕೇಳಿದೆ. ನಕ್ಕು, ಕೀಲು ಬದಲಾವಣೆಯ ಎರಡು ತಿಂಗಳ ತರಬೇತಿ ಎಂದರು. ವರ್ಷದ ಲೆಕ್ಕವನ್ನೂ ಹೇಳಿದರು. ನಾಳೆ ಇನ್ನೊಬ್ಬರನ್ನು ಕೇಳಬೇಕು.