ಪದಚರ್ಚೆ: ‘ರಿವರ್ಸ್ ಪೋಲಿಷ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಎಚ್‌ಪಿ-35 ಅನ್ನುವ ಹಳೆಯ ಕ್ಯಾಲ್ಕ್ಯುಲೇಟರ್ ಇದೆ. ಅದರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಪುಟ್ಟ ಬರಹ ಮಾಡುತ್ತಿದ್ದೇನೆ. ಕೆಲವು ಪದಗಳು ಕೈಗೆ ಸಿಗುತ್ತಿಲ್ಲ.

ವಸ್ತುವಿನ ಬಗ್ಗೆ ಒಂದೆರಡು ಮಾತು. 1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ (ಎಚ್‌ಪಿ) ಕಂಪನಿ ಇದನ್ನು ಹೊರತಂದಿತು. ಬೆಲೆ 395 ಡಾಲರ್. ಮೈಮೇಲೆ 35 ಗುಂಡಿ, ಹೆಸರು ಬಂದದ್ದು ಅದರಿಂದಲೇ. ಅಂಗಿ ಜೇಬಿಗೆ ಹಿಡಿಸಲೇಬೇಕು ಅನ್ನುವುದು ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ಹ್ಯೂಲೆಟ್ ಅವರ ಹಟವಾಗಿತ್ತು. ಸೈನ್, ಕೊಸೈನ್, ಲಾಗ್ ಎಲ್ಲವನ್ನೂ ಕೆಂಪು ಅಂಕಿಗಳಲ್ಲಿ ತೋರಿಸುತ್ತಿತ್ತು. ಇಂಜಿನಿಯರುಗಳ ಕೈಯಿಂದ ಸ್ಲೈಡ್ ರೂಲ್ (ಪಟ್ಟಿ ಜಾರಿಸಿ ಲೆಕ್ಕ ಮಾಡುವ ಅಳತೆಗೋಲು) ಬಿಡಿಸಿದ್ದು ಇದೇ ಜಾತಿಯ ಯಂತ್ರಗಳು.

ಇದನ್ನು ‘ವೈಜ್ಞಾನಿಕ ಕ್ಯಾಲ್ಕ್ಯುಲೇಟರ್’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಹಾಗಾದರೆ ಅಂಗಡಿಯವರ ಕ್ಯಾಲ್ಕ್ಯುಲೇಟರ್ ಅವೈಜ್ಞಾನಿಕವಾ? ‘ಗಣಕ’ ಆಗಲೇ ಕಂಪ್ಯೂಟರ್ ಪಾಲಾಗಿದೆ. ಪಾಲಿಟೆಕ್ನಿಕ್ ಹುಡುಗರು ‘ಸೈಂಟಿಫಿಕ್’, ‘ಕ್ಯಾಲ್ಸಿ’ ಅಂತ ಮುಗಿಸುತ್ತಾರೆ. ನಾನು ‘ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್’ ಅಂತಲೇ ಇಟ್ಟಿದ್ದೇನೆ. ಇದರ ಮೇಲೆ ಜಾಸ್ತಿ ಚರ್ಚೆ ಬೇಡ.

ನಿಜವಾದ ತಕರಾರು ಬೇರೆ. ಈ ಯಂತ್ರದಲ್ಲಿ ‘=’ ಗುಂಡಿಯೇ ಇಲ್ಲ. ಎರಡು ಮತ್ತು ಮೂರನ್ನು ಕೂಡಬೇಕಾದರೆ 2 ಒತ್ತಿ, ಎಂಟರ್ ಒತ್ತಿ, 3 ಒತ್ತಿ, ಕೊನೆಗೆ + ಒತ್ತಬೇಕು. ಈ ಕ್ರಮಕ್ಕೆ ‘ರಿವರ್ಸ್ ಪೋಲಿಷ್’ ಅಂತ ಹೆಸರು. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೇವಿಚ್ 1920ರ ದಶಕದಲ್ಲಿ ಕ್ರಿಯೆಯ ಚಿಹ್ನೆಯನ್ನು ಮೊದಲೇ ಬರೆಯುವ ಪದ್ಧತಿ ತಂದರು. ಅದನ್ನು ತಿರುಗಿಸಿ ಚಿಹ್ನೆಯನ್ನು ಕೊನೆಗೆ ಹಾಕಿದರೆ ಇದು. ‘ವಿಲೋಮ ಪೋಲಿಷ್ ಸಂಕೇತನ’ ಅಂತ ಬರೆದರೆ ತಪ್ಪೇನಿಲ್ಲ. ಆದರೆ ಮಗು ಅಲ್ಲಿಗೇ ಪುಟ ಮಗುಚುತ್ತದೆ.

ತಮಾಷೆ ಅಂದರೆ, ಇಂಗ್ಲಿಷಿನವರಿಗೆ ತಿರುಗುಮುರುಗಾಗಿ ಕಾಣುವ ಈ ಕ್ರಮ ನಮ್ಮ ಮಾತಿನ ಕ್ರಮವೇ. ‘ಎರಡಕ್ಕೆ ಮೂರು ಕೂಡಿಸು, ಬಂದದ್ದನ್ನು ನಾಲ್ಕರಿಂದ ಗುಣಿಸು’ ಅಂತ ಮೇಷ್ಟ್ರು ಹೇಳುವುದಿಲ್ಲವೇ? ಅದನ್ನು ಹಾಗೇ ಒತ್ತುತ್ತಾ ಹೋಗಿ: 2, ಎಂಟರ್, 3, +, 4, ×. ಉತ್ತರ 20. ಕಂಸ ಬೇಕಾಗಿಲ್ಲ. ‘ಬಂದದ್ದು’ ಅನ್ನುವ 5 ಅಷ್ಟರಲ್ಲಿ ಪರದೆಯ ಮೇಲೇ ಕೂತಿರುತ್ತದೆ. ‘ಮೂವತ್ತರ ಸೈನ್’ ಬೇಕಾದರೆ 30 ಒತ್ತಿ ಸೈನ್ ಒತ್ತುವುದು. ‘ಒಂಬತ್ತರ ವರ್ಗಮೂಲ’ವೂ ಹಾಗೇ. ನಾವೂ ಶಾಲೆಯಲ್ಲಿ ‘ಎರಡು ಪ್ಲಸ್ ಮೂರು’ ಅಂತ ಓದುತ್ತೇವೆ, ನಿಜ. ಅದು ಕಾಗದದ ಮೇಲಿನ ಚಿಹ್ನೆಯನ್ನು ಓದುವ ರೀತಿ, ಅಷ್ಟೇ. ಲೆಕ್ಕ ಮಾಡು ಅಂತ ಹೇಳುವಾಗ ಕ್ರಿಯಾಪದ ಕೊನೆಗೇ ಬರುತ್ತದೆ.

ಒಂದು ಕಡೆ ಮಾತ್ರ ಈ ಯಂತ್ರ ಕೈಕೊಡುತ್ತದೆ. ‘ಎರಡನ್ನು ಮೂರನೇ ಘಾತಕ್ಕೆ ಏರಿಸು’ ಅನ್ನುವ ಕ್ರಮದಲ್ಲೇ ಅಂಕಿ ಒತ್ತಿದರೆ 8ರ ಬದಲು 9 ಬರುತ್ತದೆ. ಅದರ ಘಾತದ ಗುಂಡಿ ಎಕ್ಸ್‌ನ ವೈ ಘಾತ (xʸ). ಕೊನೆಗೆ ಒತ್ತಿದ ಅಂಕಿಯೇ ಎಕ್ಸ್, ಅದಕ್ಕೆ ಮೊದಲಿನದು ವೈ. ಹಾಗಾಗಿ 3 ಮೊದಲು, 2 ಆಮೇಲೆ. ಮರುವರ್ಷದ ಎಚ್‌ಪಿ-45ರಲ್ಲಿ ಇದನ್ನು ವೈನ ಎಕ್ಸ್ ಘಾತ (yˣ) ಅಂತ ಬದಲಿಸಿದರು. ಕನ್ನಡಕ್ಕೆ ಸರಿಹೋಯಿತು ಅನ್ನಿ!

ಇದಕ್ಕೆ ‘ಕೊನೆಚಿಹ್ನೆ ಕ್ರಮ’ ಅನ್ನಬಹುದೇ? ‘ಕ್ರಿಯಾಂತ್ಯ’ ಅಂತಲೂ ಯೋಚಿಸಿದೆ. ಅದು ವ್ಯಾಕರಣದ ಪಾಠದಂತೆ ಕೇಳಿಸುತ್ತದೆ. ಪೋಲೆಂಡಿನ ಹೆಸರನ್ನು ಪೂರ್ತಿ ಬಿಡುವುದಿಲ್ಲ. ಹೆಸರಿನ ಕಥೆ ಹೇಳುವಾಗ ಒಮ್ಮೆ ಬರಲಿ, ಉಳಿದ ಕಡೆ ಕನ್ನಡ ಪದ ಸಾಕು.

ಇನ್ನೊಂದು, ‘ಸ್ಟ್ಯಾಕ್’. ಎಚ್‌ಪಿ-35 ಒಳಗೆ ನಾಲ್ಕು ಸಂಖ್ಯೆಗಳನ್ನು ಒಂದರ ಮೇಲೊಂದು ಇಟ್ಟುಕೊಳ್ಳುತ್ತದೆ. ಹಳೆಯ ಅಡುಗೆಮನೆಗಳಲ್ಲಿ ಗಡಿಗೆಗಳನ್ನು ಪೇರಿಸಿಡುವ ‘ಅಡಕಲು’ ನನಗೆ ತಟ್ಟನೆ ಹೊಳೆಯಿತು. ಆದರೆ ಅಡಕಲಿನಲ್ಲಿ ಹೊಸ ಗಡಿಗೆ ಮೇಲೆ ಕೂರುತ್ತದೆ. ಎಚ್‌ಪಿಯವರು ಬಿಡಿಸುವ ಚಿತ್ರದಲ್ಲಿ ಹೊಸ ಸಂಖ್ಯೆ ಕೆಳಗೆ ಬರುತ್ತದೆ, ಉಳಿದವು ಮೇಲೇರುತ್ತವೆ. ಎಂಟರ್ ಗುಂಡಿಯ ಮೇಲೆ ಮೇಲ್ಮುಖದ ಬಾಣ ಇರುವುದೂ ಅದಕ್ಕೇ. ಈ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಿ ‘ಅಡಕಲು’ ಉಳಿಸಿಕೊಳ್ಳಬೇಕು ಅಂತಿದ್ದೇನೆ. ‘ಅಟ್ಟಿ’ ಅನ್ನುವುದೂ ಇದೆ. ಅದು ಪುಸ್ತಕದ ರಾಶಿಗೆ ಹೊಂದುತ್ತದೆ, ಆದರೆ ಒಂದೊಂದಾಗಿ ಇಟ್ಟು ತೆಗೆಯುವ ಅರ್ಥ ಅದರಲ್ಲಿ ಅಷ್ಟು ಇಲ್ಲ ಅಲ್ವಾ?

ನಿಮ್ಮ ಕಡೆ ‘ಅಡಕಲು’ ಅಂದರೆ ಇವತ್ತಿನ ಮಕ್ಕಳಿಗೆ ಗೊತ್ತಾಗುತ್ತದೆಯೇ? ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಬೇರೆ ಮಾತಿದ್ದರೆ ಅದನ್ನೂ ಬರೆಯಿರಿ. ‘ಕೊನೆಚಿಹ್ನೆ’ ಇಷ್ಟವಾಗದವರು ಸುಮ್ನೆ ಬೇಡ ಅನ್ನದೆ, ಬದಲಿ ಪದ ಒಂದನ್ನು ಸೂಚಿಸಿದರೆ ಉಪಕಾರವಾಗುತ್ತದೆ.