ಸ್ಟಾರ್‌ಫೀಲ್ಡ್ ತೆಗೆದುಕೊಳ್ಳಬಹುದಾ? ಆಡಿದವರು ನಿಜ ಹೇಳಿ

ಪೆರ್ಲದ ಪೋರ

ಭಾವ ದುಬೈಯಿಂದ ಬರುವಾಗ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಾರೆ. 512 ಜಿಬಿ ಎಸ್‌ಎಸ್‌ಡಿ, ಅರ್ಧ ಆಗಲೇ ತುಂಬಿದೆ. ರಾಕೆಟ್, ಗ್ರಹ ಎಂದರೆ ನನಗೆ ಸಣ್ಣದಿರುವಾಗಲೇ ಹುಚ್ಚು. ಬಾಹ್ಯಾಕಾಶದ ಆಟ ಸ್ಟಾರ್‌ಫೀಲ್ಡ್ ಒಂದಕ್ಕೇ 125 ಜಿಬಿ ಜಾಗ ಬೇಕಂತೆ. ನಮ್ಮ ಮನೆಯ ನೆಟ್‌ನಲ್ಲಿ ಅದು ಇಳಿಯಲಿಕ್ಕೆ ಎರಡು ದಿನ, ಗುಡುಗು ಬಂದರೆ ಮೂರು. ಯೂಟ್ಯೂಬ್‌ನಲ್ಲಿ ಒಬ್ಬ ಸೂಪರ್ ಎನ್ನುತ್ತಾನೆ, ಇನ್ನೊಬ್ಬ ಕಸ ಎನ್ನುತ್ತಾನೆ. ದುಡ್ಡು ನನ್ನದೇ, ಟ್ಯೂಷನ್ ಹೇಳಿಕೊಟ್ಟು ಉಳಿಸಿದ್ದು. ಹಾಗಾಗಿ ಕೇಳುತ್ತಿದ್ದೇನೆ.

ನೀರ್ಚಾಲಿನ ಅಡಿಕೆಗಾರ

ತಮ್ಮಾ, ನಾನು ಅದನ್ನು 90 ಗಂಟೆ ಆಡಿದ್ದೇನೆ. ಬೈಯಲಿಕ್ಕೆ ಹಕ್ಕು ಉಂಟು ಎಂದು ತೋರಿಸಲು ಮೊದಲೇ ಹೇಳಿದ್ದು.

2023ರ ಸೆಪ್ಟೆಂಬರ್‌ನಲ್ಲಿ ಬಂತು. ಸಾವಿರಕ್ಕೂ ಜಾಸ್ತಿ ಗ್ರಹ ಎಂದಿದ್ದರು. ಸುಳ್ಳಲ್ಲ, ಇವೆ. ಆದರೆ ಹಡಗನ್ನು ನಾವೇ ನೆಲಕ್ಕೆ ಇಳಿಸುವ ಹಾಗಿಲ್ಲ. ನಕ್ಷೆಯಲ್ಲಿ ಒತ್ತಬೇಕು, ಲೋಡಿಂಗ್ ಬರುತ್ತದೆ, ಇಳಿದಾಯಿತು. ಕಾಸರಗೋಡಿನಿಂದ ಮಂಗಳೂರಿಗೆ ಕಣ್ಣು ಕಟ್ಟಿ ಕರೆದುಕೊಂಡು ಹೋದ ಹಾಗೆ. ನೇತ್ರಾವತಿ ಸೇತುವೆ ಯಾವಾಗ ದಾಟಿತು ಎಂದೇ ಗೊತ್ತಾಗುವುದಿಲ್ಲ.

ಒಂದು ಗ್ರಹದಲ್ಲಿ ಪಾಳುಬಿದ್ದ ಕ್ರಯೋ ಲ್ಯಾಬ್ (ಅತಿಶೀತದ ಪ್ರಯೋಗಾಲಯ) ಸಿಕ್ಕಿತು. ರಾತ್ರಿ ಹನ್ನೊಂದು ಗಂಟೆ, ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಹೊರಗೆ ಮಳೆ. ಒಳಗೆ ಹೋದೆ, ಹೆದರಿದೆ, ಸತ್ತವರು ಬರೆದಿಟ್ಟದ್ದನ್ನೆಲ್ಲ ಓದಿದೆ. ಭಾರೀ ಖುಷಿ. ಮರುದಿನ ಬೇರೆಯೇ ನಕ್ಷತ್ರದ ಹತ್ತಿರ ಹೋದರೆ ಅದೇ ಲ್ಯಾಬ್, ಅದೇ ಮೂಲೆಯಲ್ಲಿ ಅದೇ ಹೆಣ, ಅದೇ ಬರಹ! ಮೂರನೇ ಸಲ ಬಾಗಿಲಿನಿಂದಲೇ ವಾಪಸ್ ಬಂದೆ.

ಬಗ್, ಅಂದರೆ ಪ್ರೋಗ್ರಾಮಿನ ತಪ್ಪು, ಇದ್ದರೆ ನನಗೆ ಅಷ್ಟು ಸಿಟ್ಟಿಲ್ಲ. ಬಗ್ ಎಂದರೆ ಅಡಿಕೆಯ ಕೊಳೆರೋಗದ ಹಾಗೆ. ಬೋರ್ಡೋ ಮದ್ದು ಹೊಡೆದರೆ ಹತೋಟಿಗೆ ಬರುತ್ತದೆ. ಸೈಬರ್‌ಪಂಕ್ 2077 ನೋಡು. 2020ರ ಡಿಸೆಂಬರ್ 10ಕ್ಕೆ ಬಂತು, ಸೋನಿಯ ಹಳೆಯ ಗೇಮ್ ಯಂತ್ರ ಪಿಎಸ್4ನಲ್ಲಿ ಎಷ್ಟು ಕೆಟ್ಟದಾಗಿತ್ತೆಂದರೆ ಒಂದೇ ವಾರದಲ್ಲಿ ಸೋನಿಯವರು ತಮ್ಮ ಸ್ಟೋರ್‌ನಿಂದ ಅದನ್ನು ತೆಗೆದರು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ಆಟದಲ್ಲಿ ಪೊಲೀಸರು ಬೆನ್ನ ಹಿಂದೆ ಗಾಳಿಯಿಂದ ಉದುರುತ್ತಿದ್ದರು. ಆದರೆ ಆ ಊರು, ಅಲ್ಲಿನ ಜನ ಎಲ್ಲ ಮೊದಲೇ ಚೆನ್ನಾಗಿತ್ತು. 2023ರಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಆಡಿದೆ, ಬೇರೆಯೇ ಆಟ. ಸ್ಟಾರ್‌ಫೀಲ್ಡ್‌ನದ್ದು ಅಂತರ ತಪ್ಪಿ ನೆಟ್ಟ ತೋಟ, ಮದ್ದು ಹೊಡೆದರೆ ಸರಿಯಾಗುವುದಿಲ್ಲ. ಆಮೇಲೆ ಊರಿನ ನಕ್ಷೆ ಕೊಟ್ಟರು, ಓಡಿಸಲಿಕ್ಕೆ ಗಾಡಿಯೂ ಕೊಟ್ಟರು. ಗಾಡಿಯಲ್ಲಿ ಹೋಗಿ ನೋಡುವುದು ಎಂತದ್ದನ್ನು? ಅದೇ ಲ್ಯಾಬ್.

ಹಡಗು ಕಟ್ಟುವ ಭಾಗ ಮಾತ್ರ ಚಂದ. ನನ್ನ 90 ಗಂಟೆಯಲ್ಲಿ 30 ಅದಕ್ಕೇ ಹೋಗಿರಬಹುದು.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಆಂಥೆಮ್, 2019ರದ್ದು. ಲೋಹದ ಸೂಟ್ ಹಾಕಿಕೊಂಡು ಹಾರುವುದು. ಹಾರಿ ಹಾರಿ ಸೂಟ್ ಬಿಸಿಯಾದರೆ ಜಲಪಾತದೊಳಗೆ ನುಗ್ಗಿ ತಂಪು ಮಾಡಿಕೊಳ್ಳಬೇಕು. ಅಷ್ಟು ಒಳ್ಳೆಯ ಹಾರಾಟ ನಾನು ಬೇರೆಲ್ಲೂ ಕಂಡಿಲ್ಲ. ನೆಲಕ್ಕಿಳಿದರೆ ಮಾಡಲಿಕ್ಕೆ ಏನೂ ಇಲ್ಲ, ನಾಲ್ಕು ಕೆಲಸ ಮತ್ತೆ ಮತ್ತೆ. ಸರಿಮಾಡುತ್ತೇವೆ ಎಂದವರು 2021ರಲ್ಲಿ ಕೈಬಿಟ್ಟರು. 2026ರ ಜನವರಿ 12ಕ್ಕೆ ಸರ್ವರ್ ಮುಚ್ಚಿತು. ನೆಟ್ ಇಲ್ಲದೆ ನಡೆಯದ ಆಟ, ಅಲ್ಲಿಗೆ ಮುಗಿಯಿತು. ಡಿಸ್ಕ್ ಕಪಾಟಿನಲ್ಲಿ ಉಂಟು. ತರಕಾರಿ ಚಪ್ಪರಕ್ಕೆ ಕಟ್ಟಿ, ಹಕ್ಕಿಯಾದರೂ ಹೆದರಲಿ ಎನ್ನುತ್ತಾಳೆ ಹೆಂಡತಿ.

ಉಪ್ಪಳ ಎಕ್ಸ್‌ಪ್ರೆಸ್

ಕೊಳೆರೋಗದ ಮಾತಿಗೆ ನನ್ನದೂ ಒಂದು. ಏಲಿಯನ್ಸ್: ಕಲೋನಿಯಲ್ ಮರೀನ್ಸ್, 2013. ಶತ್ರುಗಳು ಪೆದ್ದರ ಹಾಗೆ ನೆಟ್ಟಗೆ ಬಂದು ಗುಂಡು ತಿನ್ನುತ್ತಿದ್ದರು. ವರ್ಷಗಳ ನಂತರ ಯಾರೋ ಆಟದ ಫೈಲ್ ತೆರೆದು ನೋಡಿದರೆ 'ಟೆದರ್' ಎಂಬ ಪದದ ಸ್ಪೆಲ್ಲಿಂಗ್‌ನಲ್ಲಿ ಒಂದು 'ಎ' ಜಾಸ್ತಿ! ಅದನ್ನು ಅಳಿಸಿದ ಮೇಲೆ ಸುತ್ತುಹಾಕಿ ಬಂದು ಹಿಡಿಯಲಿಕ್ಕೆ ಶುರುಮಾಡಿದವು. ನಾನೂ ಅಳಿಸಿ ಆಡಿದೆ. ಆಟ ಸ್ವಲ್ಪ ಚುರುಕಾಯಿತು, ಕತೆ ಮಾತ್ರ ಹಾಗೇ ಸಪ್ಪೆ.

ಕುಂಬ್ಳೆ ಪ್ಯಾಸೆಂಜರ್

ಅಡಿಕೆಗಾರಣ್ಣ, ಅಂತರ ತಪ್ಪಿದರೆ ಸರಿಯಾಗುವುದೇ ಇಲ್ಲ ಎನ್ನಬೇಡಿ. ನೋ ಮ್ಯಾನ್ಸ್ ಸ್ಕೈ ಮರೆತಿರಾ? 2016ರಲ್ಲಿ ಅದೂ ಖಾಲಿಯೇ. 2ರ 64ನೇ ಘಾತದಷ್ಟು ಗ್ರಹ, ಅಂದರೆ ಸುಮಾರು 1.84 ಲಕ್ಷ ಕೋಟಿ ಕೋಟಿ. ಮೊದಲ ದಿನವೇ ಇಬ್ಬರು ಆಟಗಾರರು ಒಂದೇ ಜಾಗಕ್ಕೆ ಹೋಗಿ ನಿಂತರೂ ಒಬ್ಬರಿಗೊಬ್ಬರು ಕಾಣಲಿಲ್ಲ. 2018ರ ಜುಲೈನಲ್ಲಿ ನೆಕ್ಸ್ಟ್ ಅಪ್‌ಡೇಟ್ ಬಂದ ಮೇಲೆ ನಾನು ಮತ್ತು ಅಬುಧಾಬಿಯಲ್ಲಿರುವ ಅಣ್ಣ ಸೇರಿ ಮನೆ ಕಟ್ಟಿದೆವು. ಆ ಅಪ್‌ಡೇಟ್‌ಗಳಿಗೆ ಒಂದು ರೂಪಾಯಿಯೂ ಕೇಳಲಿಲ್ಲ.

ನೀರ್ಚಾಲಿನ ಅಡಿಕೆಗಾರ

ಒಪ್ಪಿದೆ ಮಾರಾಯ. ಅದರಲ್ಲಿ ಗ್ರಹಕ್ಕೆ ನಾವೇ ಇಳಿಯಬಹುದಿತ್ತು, ಮೊದಲ ದಿನದಿಂದಲೇ. ನಾನು ಬಿಟ್ಟದ್ದು ಅಪ್ಪನಿಂದಾಗಿ. ಅರ್ಧ ಗಂಟೆ ಹಿಂದೆ ನಿಂತು ನೋಡಿದರು. "ಕಲ್ಲು ಒಡೆಯಲಿಕ್ಕೆ ಅಷ್ಟು ದೂರ ಹೋಗಬೇಕಾ? ಮೇಲಿನ ಪಾರೆಯಲ್ಲಿ ಬೇಕಾದಷ್ಟು ಉಂಟಲ್ಲ" ಎಂದರು. ಆಮೇಲೆ ಮನಸ್ಸೇ ಬರಲಿಲ್ಲ.

ಪೆರ್ಲದ ತಮ್ಮಾ, ಸೈಬರ್‌ಪಂಕ್ ಹಾಕು. 70 ಜಿಬಿ ಸಾಕು. ರಾಕೆಟ್ ಇಲ್ಲ, ಅದೊಂದು ಬೇಸರ.

ಪೆರ್ಲದ ಪೋರ

ಎಲ್ಲರಿಗೂ ಥ್ಯಾಂಕ್ಸ್. ರಾಕೆಟ್ ಬೇಕೇ ಬೇಕು, ಹಾಗಾಗಿ ನೋ ಮ್ಯಾನ್ಸ್ ಸ್ಕೈ ಹಾಕಿದ್ದೇನೆ. 61%ಕ್ಕೆ ಬಂದಾಗ ಕರೆಂಟ್ ಹೋಯಿತು. ವಾಪಸ್ ಬಂದರೆ ಅಲ್ಲಿಂದಲೇ ಮುಂದುವರಿಯುತ್ತದಾ, ಮೊದಲಿನಿಂದ ಶುರುವಾ?

ಉಪ್ಪಳ ಎಕ್ಸ್‌ಪ್ರೆಸ್

ಅಲ್ಲಿಂದಲೇ. ಗುಡುಗು ಇದ್ದರೆ ಮೊದಲು ರೂಟರಿನ ಪ್ಲಗ್ ತೆಗಿ.